ತವರು ಮರೆಯದ ಚೂರುಗಳು

1912ರ ಸೆಪ್ಟೆಂಬರ್ ತಿಂಗಳು. ದಕ್ಷಿಣ ಫ್ರಾನ್ಸಿನ ಅವಿನ್ಯೋಂ ಪಟ್ಟಣದ ಒಂದು ಅಂಗಡಿಯಲ್ಲಿ ಗೋಡೆಗೆ ಅಂಟಿಸುವ ಕಾಗದದ ಸುರುಳಿಗಳನ್ನು ಮಾರಾಟಕ್ಕಿಟ್ಟಿದ್ದರು. ಅವುಗಳಲ್ಲೊಂದರ ಮೇಲೆ ಓಕ್ ಮರದ ಹಲಗೆಯ ಎಳೆಗಳು ಅಚ್ಚಾಗಿದ್ದವು. ನಮ್ಮ ಅಡುಗೆಮನೆಯ ಕಪಾಟುಗಳಿಗೆ ತೇಗದ ಎಳೆಯ ಸನ್‌ಮೈಕಾ ಹೊಡೆಸುತ್ತೇವಲ್ಲ, ಅದೇ ಜಾತಿಯದು. ನಿಜವಾದ ಮರ ಹಾಕಿಸಲಾಗದವರ ಗೋಡೆಗೆ ಮರದ ವೇಷ. ಚಿತ್ರಕಾರ ಜಾರ್ಜ್ ಬ್ರಾಕ್ ಅದನ್ನು ಹೊರಗಿನಿಂದಲೇ ನೋಡಿದ. ನೋಡಿದವನು ಒಳಗೆ ಕಾಲಿಡಲಿಲ್ಲ. ಪಕ್ಕದ ಸೋರ್ಗ್ ಊರಿನಲ್ಲಿ ಅವನ ಜೊತೆಗೇ ಬೇಸಿಗೆ ಕಳೆಯುತ್ತಿದ್ದ ಪಾಬ್ಲೊ ಪಿಕಾಸೊ ಪ್ಯಾರಿಸ್‌ಗೆ ಹೊರಡುವವನಿದ್ದ. ಅವನು ಹೊರಡಲಿ ಎಂದು ಕಾದ. ಗೆಳೆಯ ಊರು ಬಿಟ್ಟದ್ದೇ ತಡ, ಅಂಗಡಿಗೆ ನಡೆದು ಸುರುಳಿ ಕೊಂಡುತಂದ.

ಇದು ಬ್ರಾಕ್ ಮುಂದೆ ತಾನೇ ಹೇಳಿಕೊಂಡ ಸಂಗತಿ. ಸುರುಳಿಯಿಂದ ಮೂರು ತುಂಡು ಕತ್ತರಿಸಿ ಬಿಳಿಯ ಹಾಳೆಯ ಮೇಲೆ ಅಂಟಿಸಿದ. ಆ ತುಂಡುಗಳ ಸುತ್ತಲೂ, ಕೆಲವೆಡೆ ಅವುಗಳ ಮೇಲೂ, ಇದ್ದಿಲಿನಲ್ಲಿ ದ್ರಾಕ್ಷಿಗೊಂಚಲು, ಮರಸೇಬು, ಒಂದು ಲೋಟ ಬರೆದ. ಮೇಲಿನ ಎರಡು ತುಂಡುಗಳು ಹೋಟೆಲಿನ ಮರದ ಗೋಡೆಯಾದವು. ಕೆಳಗಿನದಕ್ಕೆ ಒಂದು ಗುಬುಟು ಬರೆದ, ಅದು ಮೇಜಿನ ಡ್ರಾಯರ್ ಆಯಿತು. ‘ಹಣ್ಣಿನ ತಟ್ಟೆ ಮತ್ತು ಲೋಟ’ ಎಂಬ ಈ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಫ್ರೆಂಚರು ‘ಪಾಪ್ಯೇ ಕೋಲೇ’ ಎಂದು ಕರೆಯುವ ಅಂಟು-ಕಾಗದದ ಚಿತ್ರಗಳಲ್ಲಿ ಮೊದಲನೆಯದೆಂದು ಇದನ್ನೇ ಹೇಳುತ್ತಾರೆ.

ಬೇರೆ ಚಿತ್ರಕಾರರ ಕಣ್ಣಿಗೆ ಬೀಳದ್ದು ಬ್ರಾಕ್‌ನ ಕಣ್ಣಿಗೆ ಯಾಕೆ ಬಿತ್ತು? ಅವನ ಅಪ್ಪ, ತಾತ ಇಬ್ಬರೂ ಮನೆಗಳಿಗೆ ಬಣ್ಣ ಹೊಡೆಸುವ ಕಸುಬಿನವರು. ಲ ಹಾವ್ರ್ ಬಂದರಿನಲ್ಲಿ ಅವನೂ ಅದೇ ಕೆಲಸ ಕಲಿತಿದ್ದ. ಸಾದಾ ಹಲಗೆಗೆ ಬಣ್ಣ ಬಳಿದು, ಹಸಿಯಿರುವಾಗಲೇ ಅದರ ಮೇಲೆ ಉಕ್ಕಿನ ಬಾಚಣಿಗೆ ಎಳೆದರೆ ಓಕ್ ಮರದ ಎಳೆ ಮೂಡುತ್ತದೆ. ಪ್ಯಾರಿಸ್‌ನ ಕಲಾಶಾಲೆಗಳು ಕಲಿಸದ ಈ ಕೂಲಿ ವಿದ್ಯೆಯನ್ನು ಅವನು ಪಿಕಾಸೊಗೂ ತೋರಿಸಿಕೊಟ್ಟಿದ್ದ. ಪಿಕಾಸೊ ಸುಮ್ಮನಿರುವ ಆಸಾಮಿಯೇ? ಅದೇ ಬಾಚಣಿಗೆ ತೆಗೆದುಕೊಂಡು ‘ಕವಿ’ ಎಂಬ ಚಿತ್ರದಲ್ಲಿ ಮನುಷ್ಯನ ತಲೆಗೂದಲನ್ನೂ ಮೀಸೆಯನ್ನೂ ಬಾಚಿಬಿಟ್ಟ.

ಮೊದಲು ಅಂಟಿಸಿದವರು ಯಾರು ಎಂಬ ಜಗಳದಲ್ಲಿ ಪಿಕಾಸೊನ ಪಕ್ಷದವರಿಗೂ ಒಂದು ದಾಖಲೆಯಿದೆ. ಅದೇ ವರ್ಷದ ಮೇ ತಿಂಗಳಿನಲ್ಲಿ ಅವನು ಅಂಡಾಕಾರದ ಪುಟ್ಟ ಕ್ಯಾನ್ವಾಸಿನ ಮೇಲೆ ಒಂದು ತುಂಡು ಆಯಿಲ್‌ಕ್ಲಾತ್ ಅಂಟಿಸಿದ್ದ. ಆ ಬಟ್ಟೆಯ ಮೇಲೆ ಬೆತ್ತದ ಕುರ್ಚಿಯ ಹೆಣಿಗೆ ಅಚ್ಚಾಗಿತ್ತು. ಚಿತ್ರದ ಸುತ್ತ ಚೌಕಟ್ಟಿನ ಬದಲು ಹಗ್ಗ ಸುತ್ತಿದ. ನೋಡಿದವರು ಅದನ್ನು ನಿಜವಾದ ಬೆತ್ತ ಎಂದುಕೊಳ್ಳುತ್ತಾರೆ, ಕೈಯಿಂದ ಬರೆದದ್ದೇ ಎಂದು ಬಗ್ಗಿ ನೋಡುತ್ತಾರೆ, ಎರಡೂ ಅಲ್ಲ, ಕಾರ್ಖಾನೆಯಲ್ಲಿ ಅಚ್ಚಾದ ನಕಲು. ಚಿತ್ರವೆಲ್ಲ ಪಿಕಾಸೊ ಬರೆದದ್ದು, ಅತ್ಯಂತ ‘ನಿಜ’ ಎನಿಸುವ ಭಾಗ ಮಾತ್ರ ಅವನು ಬರೆಯದೇ ಇದ್ದದ್ದು! ಮೇ ದೊಡ್ಡದೋ ಸೆಪ್ಟೆಂಬರ್ ದೊಡ್ಡದೋ ಎಂಬ ಪಂಚಾಯಿತಿ ನಮಗೆ ಬೇಡ. ಆ ವರ್ಷಗಳಲ್ಲಿ ಇಬ್ಬರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಬೆಟ್ಟ ಹತ್ತುವವರಂತಿದ್ದರು ಎಂದು ಬ್ರಾಕ್ ನೆನೆಸಿಕೊಂಡಿದ್ದುಂಟು. ಆ ಹಗ್ಗದಲ್ಲಿ ಯಾರ ಕಾಲು ಒಂದು ಮೆಟ್ಟಿಲು ಮುಂದಿತ್ತು ಎಂಬುದು ಅಷ್ಟು ಮುಖ್ಯವಲ್ಲ.

ಮುಖ್ಯವಾದದ್ದು ಅಂಟಿಸಿದ ಚೂರಿನ ಸ್ವಭಾವ. ಬಣ್ಣಕ್ಕೆ ಹಿಂದಿನ ಜನ್ಮವಿಲ್ಲ. ಟ್ಯೂಬಿನಿಂದ ಹೊರಬಿದ್ದ ಕೆಂಪು, ಕುಂಚಕ್ಕೆ ತಾಗಿದ ಮೇಲೆ ಚಿತ್ರಕಾರ ಹೇಳಿದ್ದನ್ನು ಕೇಳಿಕೊಂಡಿರುತ್ತದೆ. ಪತ್ರಿಕೆಯ ಚೂರು ಹಾಗಲ್ಲ. ಅದು ಮದುವೆಯಾಗಿ ಬಂದ ಹೆಣ್ಣಿನಂತೆ. ಹೊಸ ಮನೆಯ ಎಲ್ಲ ಕೆಲಸಕ್ಕೂ ಕೈ ಹಾಕುತ್ತದೆ, ಆದರೆ ತವರಿನ ಊರು, ಅಲ್ಲಿನ ಮಾತಿನ ರಾಗ, ಅಲ್ಲಿನ ನಂಟರು ಎಲ್ಲವನ್ನೂ ಬೆನ್ನಿಗೆ ಕಟ್ಟಿಕೊಂಡೇ ಬಂದಿರುತ್ತದೆ. ಹೀಗೆ ಚೂರು ಅಂಟಿಸಿ ಕೊಲಾಜ್ ಮಾಡುವವನ ಜಾಣ್ಮೆಯನ್ನೆಲ್ಲ ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ: ಈತ ಚೂರಿಗೆ ತವರನ್ನು ಮರೆಸುತ್ತಾನೋ, ನೆನಪಿಸುತ್ತಾನೋ?

1912ರ ನವೆಂಬರಿನಲ್ಲಿ ಪಿಕಾಸೊ ಮಾಡಿದ ‘ಗಿಟಾರ್, ಸಂಗೀತದ ಹಾಳೆ ಮತ್ತು ಲೋಟ’ವನ್ನು ಹತ್ತಿರದಿಂದ ನೋಡೋಣ. ಒಂದೂವರೆ ಅಡಿ ಎತ್ತರದ ಹಾಳೆ, ಈಗ ಅಮೆರಿಕದ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ಊರಿನ ಮ್ಯೂಸಿಯಂನಲ್ಲಿದೆ. ಹಿನ್ನೆಲೆಗೆ ಬಳ್ಳಿ ಹೆಣೆದಂಥ ನಮೂನೆಯ ಗೋಡೆಕಾಗದ. ಅದರ ಮೇಲೆ ಮರದೆಳೆಯ ಕಾಗದ, ಒಂದು ನೀಲಿ ತುಂಡು, ಒಂದು ಕಪ್ಪು ತುಂಡು, ಸ್ವರಲಿಪಿಯ ಹಾಳೆಯ ಒಂದು ಮೂಲೆ. ಇವೆಲ್ಲ ಸೇರಿ ಗಿಟಾರ್. ಆದರೆ ಗಿಟಾರಿನ ಒಂದು ಪಕ್ಕ ಇಲ್ಲವೇ ಇಲ್ಲ. ಅಲ್ಲಿ ಗೋಡೆಕಾಗದವೇ ಉಳಿದಿದೆ, ಕಣ್ಣು ತಾನಾಗಿ ಅದನ್ನು ಗಿಟಾರಿಗೆ ಸೇರಿಸಿಕೊಳ್ಳುತ್ತದೆ. ಇನ್ನು ನಡುವಿನ ತೂತು! ನಾದ ಹೊರಡುವ ಆ ತೂತಿನ ಜಾಗದಲ್ಲಿ ಪಿಕಾಸೊ ಬಿಳಿಯ ಕಾಗದದ ಒಂದು ದುಂಡು ಬಿಲ್ಲೆ ಅಂಟಿಸಿದ್ದಾನೆ. ಚಿತ್ರದಲ್ಲಿ ಎಲ್ಲಕ್ಕಿಂತ ಆಳವಾಗಿರಬೇಕಾದ್ದು ಎಲ್ಲಕ್ಕಿಂತ ಮೇಲೆದ್ದು ಕೂತಿದೆ. ಆದರೂ ಅದು ನಮಗೆ ತೂತಾಗಿಯೇ ಕಾಣಿಸುತ್ತದೆ. ನಾನು ಇದರ ಅಚ್ಚುಪ್ರತಿಯನ್ನು ಎಷ್ಟು ಸಲ ನೋಡಿದ್ದೇನೋ, ಪ್ರತಿ ಸಲವೂ ಆ ಬಿಲ್ಲೆಯ ಹತ್ತಿರ ಬಂದಾಗ ನಗು ಬರುತ್ತದೆ.

ಕೆಳಗೆ ಎಡಕ್ಕೆ ‘ಲ ಜೂರ್ನಾಲ್’ ಪತ್ರಿಕೆಯ ನವೆಂಬರ್ 18ರ ಸಂಚಿಕೆಯ ಚೂರು. ಪತ್ರಿಕೆಯ ಹೆಸರಿನಲ್ಲಿ ‘ಲ ಜೂ’ ಮಾತ್ರ ಉಳಿಯುವಂತೆ ಕತ್ತರಿಸಿದೆ, ಫ್ರೆಂಚಿನಲ್ಲಿ ಅದು ‘ಆಟ’ ಎಂಬ ಪದದ ಹತ್ತಿರ ಹೋಗುತ್ತದೆ. ಅದರ ಕೆಳಗಿನ ತಲೆಬರಹ ‘ಯುದ್ಧ ಶುರುವಾಗಿದೆ’ ಎನ್ನುತ್ತದೆ. ಆಗ ಬಾಲ್ಕನ್ ಯುದ್ಧ ನಡೆದಿತ್ತು, ಸುದ್ದಿ ಇಸ್ತಾಂಬುಲ್ ಸಮೀಪದ ರಣರಂಗದ್ದು. ಪಿಕಾಸೊ ಹೇಳುತ್ತಿರುವುದು ಆ ಯುದ್ಧದ ಬಗ್ಗೆಯೋ, ಚಿತ್ರಕಲೆಯೊಳಗೆ ತಾನು ಹೂಡಿದ ಯುದ್ಧದ ಬಗ್ಗೆಯೋ, ಗೆಳೆಯ ಬ್ರಾಕ್‌ಗೆ ಹಾಕಿದ ಸವಾಲೋ? ಕಲಾ ಇತಿಹಾಸಕಾರರು ಈಗಲೂ ಕಚ್ಚಾಡುತ್ತಿದ್ದಾರೆ. ಚೂರಿನಲ್ಲಿ ಅಚ್ಚಾದ ಸುದ್ದಿಯನ್ನು ಓದಲೇಬೇಕು, ಅದು ರಾಜಕೀಯ ಎನ್ನುತ್ತಾರೆ ಪ್ಯಾಟ್ರಿಷಿಯಾ ಲೇಟನ್. ರೊಸಾಲಿಂಡ್ ಕ್ರೌಸ್ ಅದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಚೂರು ಒಂದು ಸಂಕೇತ, ಪಕ್ಕದ ಚೂರುಗಳೊಡನೆ ಕೂಡಿದಾಗಲೇ ಅದಕ್ಕೆ ಅರ್ಥ, ಅದರೊಳಗಿನ ಸುದ್ದಿಗೆ ಜೋತುಬೀಳಬಾರದು. ನನ್ನ ಮತ ಲೇಟನ್ ಕಡೆಗೆ ಸ್ವಲ್ಪ ವಾಲುತ್ತದೆ. ಕೈಯಲ್ಲಿ ಕತ್ತರಿ ಹಿಡಿದವನು ಓದದೆ ಕತ್ತರಿಸುವುದಿಲ್ಲ. ಹಳೆ ಪೇಪರಿನಲ್ಲಿ ಕಡಲೆಕಾಯಿ ಕಟ್ಟಿಸಿಕೊಂಡು ಬಂದವರು ಕಾಯಿ ಮುಗಿದ ಮೇಲೆ ಪೊಟ್ಟಣ ಬಿಚ್ಚಿ ಅರ್ಧ ಸುದ್ದಿ ಓದದೆ ಬಿಸಾಡುತ್ತಾರೆಯೇ?

ಇಲ್ಲಿ ನನ್ನದೊಂದು ಹಳೆಯ ತಕರಾರು ಹೇಳಿಬಿಡುತ್ತೇನೆ. ನಮ್ಮ ಶಾಲೆಗಳಲ್ಲಿ ‘ಕೊಲಾಜ್ ವರ್ಕ್’ ಎಂದು ಮಕ್ಕಳಿಂದ ಒಂದನ್ನು ಮಾಡಿಸುತ್ತಾರೆ. ಗಿಣಿಯ ಗೆರೆ ಹಾಕಿ, ವಾರಪತ್ರಿಕೆಯ ಬಣ್ಣದ ಪುಟಗಳಿಂದ ಹಸಿರು ಹಸಿರಾದದ್ದನ್ನೆಲ್ಲ ಹರಿದು ಗಿಣಿಯ ಮೈಗೆ ತುಂಬುವುದು, ಕೊಕ್ಕಿಗೆ ಕೆಂಪು. ನಾನೂ ಮಾಡಿದ್ದೇನೆ, ಬಹುಮಾನವೂ ಬಂದಿತ್ತು. ಆದರೆ ಅದು ಕೊಲಾಜ್ ಅಲ್ಲ, ಕಾಗದದಲ್ಲಿ ಮಾಡಿದ ಮೊಸಾಯಿಕ್. ಆ ಹಸಿರು ಸೀರೆಯ ಜಾಹೀರಾತಿನದೋ, ಕ್ರಿಕೆಟ್ ಮೈದಾನದ್ದೋ ಎಂದು ಯಾರಿಗೂ ಬೇಕಿಲ್ಲ. ಚೂರು ತನ್ನ ಹಳೆಯ ಊರನ್ನು ಮರೆತಷ್ಟೂ ಗಿಣಿ ಚೆನ್ನ. ಇಂಗ್ಲೆಂಡಿನಲ್ಲಿ ಮೇರಿ ಡಿಲೇನಿ ಎಂಬ ವಿಧವೆ 1772ರಲ್ಲಿ, ತನ್ನ 72ನೇ ವಯಸ್ಸಿನಲ್ಲಿ ಕತ್ತರಿ ಹಿಡಿದು, ಬಣ್ಣದ ಕಾಗದದ ಕೂದಲೆಳೆಯಂಥ ಚೂರುಗಳಿಂದ ಹೂಗಿಡಗಳನ್ನು ಮಾಡುತ್ತ ಹೋದಳು, ಸಾವಿರಕ್ಕೆ ಸ್ವಲ್ಪವೇ ಕಡಿಮೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಆ ಹೂಗಳನ್ನು ನೋಡಿದರೆ ಕಾಗದ ಎಂದು ನಂಬುವುದೇ ಕಷ್ಟ. ಅಂಥ ಕಸುಬಿಗೆ ಕೈಮುಗಿಯಬೇಕು. ಆದರೂ ಪಿಕಾಸೊ ಹಿಡಿದ ದಾರಿ ಅದಲ್ಲ.

ಅದಕ್ಕಿಂತ ನಮ್ಮ ಕೌದಿ ಹತ್ತಿರ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರುಮಾಡಿ, ಸುತ್ತು ಹಾಕುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಇದು ಅಜ್ಜಿಯ ಸೀರೆ, ಇದು ದೊಡ್ಡವನು ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಅಂಗಿ ಎಂದು ಒಂದೊಂದು ತುಂಡಿನ ಒಡೆಯರ ಹೆಸರೂ ಮನೆಯವರಿಗೆ ಗೊತ್ತು. ಹಾಗೆಂದು ಕೊಲಾಜ್ ನಮ್ಮಲ್ಲಿ ಮೊದಲೇ ಇತ್ತು ಎಂದು ಎದೆ ತಟ್ಟಿಕೊಳ್ಳುವ ಅಗತ್ಯವಿಲ್ಲ. ಕೌದಿ ಹುಟ್ಟಿದ್ದು ಚಳಿಗೆ, ಬ್ರಾಕ್‌ನ ಹಾಳೆ ಹುಟ್ಟಿದ್ದು ಚಿತ್ರ ಎಂದರೇನು ಎಂಬ ಜಗಳಕ್ಕೆ.

ಜಗಳ ಪ್ಯಾರಿಸ್‌ನ ಕಾಫಿ ಮೇಜಿನಿಂದ ಬೀದಿಗೆ ಇಳಿದದ್ದು ಬರ್ಲಿನ್ನಿನಲ್ಲಿ. ಇಳಿಸಿದವರು ‘ದಾದಾ’ ಎಂಬ ಕಲಾಚಳವಳಿಯವರು, ಅವರಲ್ಲಿ ನನಗೆ ಎಲ್ಲರಿಗಿಂತ ಇಷ್ಟ ಹನ್ನಾ ಹೋಖ್. 1889ರಲ್ಲಿ ಗೋಥಾ ಎಂಬ ಊರಿನಲ್ಲಿ ಹುಟ್ಟಿದವಳು. ಹದಿನೈದಕ್ಕೆ ಶಾಲೆ ಬಿಡಿಸಿ ಪುಟ್ಟ ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಕೂರಿಸಿದರು. ಹಟ ಹಿಡಿದು ಬರ್ಲಿನ್ ಸೇರಿ ಕುಶಲಕಲೆ ಓದಿದಳು. 1916ರಿಂದ ಹತ್ತು ವರ್ಷ ಉಲ್‌ಸ್ಟೈನ್ ಎಂಬ ಭಾರಿ ಪ್ರಕಾಶನ ಸಂಸ್ಥೆಯ ಕೈಕಸೂತಿ ವಿಭಾಗದಲ್ಲಿ, ವಾರಕ್ಕೆ ಮೂರು ದಿನ, ಮಹಿಳಾ ಪತ್ರಿಕೆಗಳಿಗೆ ಕಸೂತಿ, ಕ್ರೋಷಾ, ಲೇಸಿನ ನಮೂನೆಗಳನ್ನು ಬರೆದುಕೊಡುವ ನೌಕರಿ. ಜರ್ಮನಿಯ ಮನೆಮನೆಗೆ ಹೋಗುತ್ತಿದ್ದ ಸಚಿತ್ರ ವಾರಪತ್ರಿಕೆಯನ್ನು ಹೊರತರುತ್ತಿದ್ದದ್ದೂ ಅದೇ ಸಂಸ್ಥೆ. ಮಂತ್ರಿಗಳು, ಸೇನಾಪತಿಗಳು, ನರ್ತಕಿಯರು, ಯಂತ್ರಗಳು ಎಲ್ಲದರ ಫೋಟೊಗಳೂ ಅವಳ ಕಣ್ಣ ಮುಂದೆಯೇ ಹಾದುಹೋಗುತ್ತಿದ್ದವು. ಕತ್ತರಿ ಹೇಗೂ ಕೈಯಲ್ಲೇ ಇತ್ತು.

1918ರ ಬೇಸಿಗೆಯಲ್ಲಿ ಅವಳೂ ಸಂಗಾತಿ ರೌಲ್ ಹೌಸ್‌ಮನ್ನನೂ ಬಾಲ್ಟಿಕ್ ಕಡಲ ದಂಡೆಯ ಬೆಸ್ತರ ಊರಿಗೆ ಹೋಗಿದ್ದರು. ಅಲ್ಲಿನ ಮನೆಗಳ ಗೋಡೆಗಳಲ್ಲಿ ಒಂದೇ ಬಗೆಯ ಚಿತ್ರ: ಅಚ್ಚಾದ ಬಣ್ಣದ ಸಿಪಾಯಿ, ಠೀವಿಯ ಸಮವಸ್ತ್ರ, ಹಿಂದೆ ಬಾವುಟ. ಮುಖ ಮಾತ್ರ ಆ ಮನೆಯ ಮಗನದು, ಫೋಟೊದಿಂದ ಕತ್ತರಿಸಿ ಅಂಟಿಸಿದ್ದು. ಫೋಟೊಗಳನ್ನು ಕತ್ತರಿಸಿ ಜೋಡಿಸುವ ಫೋಟೊಮಾಂಟಾಜ್ ನಮಗೆ ಹೊಳೆದದ್ದು ಅಲ್ಲಿ ಎಂದು ಇಬ್ಬರೂ ಹೇಳಿಕೊಂಡಿದ್ದಾರೆ. ಇದನ್ನು ಓದಿದಾಗ ನನಗೆ ನಮ್ಮ ತಾಲ್ಲೂಕಿನ ಸ್ಟುಡಿಯೊಗಳು ನೆನಪಾದವು. ತೀರಿಕೊಂಡವರ ಒಂದೇ ಒಂದು ಫೋಟೊ, ಅದೂ ಯಾವುದೋ ಮದುವೆಯ ಗುಂಪಿನಲ್ಲಿ ನಿಂತದ್ದು, ಇಟ್ಟುಕೊಂಡು ಹೋದರೆ ಮುಖ ಕತ್ತರಿಸಿ, ಜನ್ಮದಲ್ಲಿ ಪಂಚೆ ಬಿಟ್ಟು ಬೇರೇನೂ ಉಡದವರಿಗೂ ಕೋಟು ಟೈ ತೊಡಿಸಿ ಕೊಡುತ್ತಿದ್ದರು. ರಾಜಸ್ಥಾನದ ನಾಥದ್ವಾರದಲ್ಲಿ ಶ್ರೀನಾಥನ ಎದುರು ಕೈಮುಗಿದು ನಿಂತ ಭಕ್ತರ ಮೈಯನ್ನು ಚಿತ್ರಕಾರ ಬರೆದು, ಮುಖಕ್ಕೆ ಫೋಟೊ ಅಂಟಿಸಿದ ‘ಮನೋರಥ’ ಚಿತ್ರಗಳಿವೆ. ನಾಥದ್ವಾರದ್ದು ಭಕ್ತಿ, ಸ್ಟುಡಿಯೊದ್ದು ಅಗಲಿಕೆಯ ಸಂಕಟ. ಹೋಖ್ ಅದೇ ಕೈಚಳಕವನ್ನು ತಿರುಗಿಸಿ ಹಿಡಿದಳು. ಮುಖಕ್ಕೆ ಮರ್ಯಾದೆಯ ಮೈ ಕೊಡುವ ಬದಲು, ಮರ್ಯಾದಸ್ಥರ ಮುಖಕ್ಕೆ ಬೇರೆಯದೇ ಮೈ ಕೊಟ್ಟಳು.

ಅವಳ ಪ್ರಸಿದ್ಧ ಚಿತ್ರ 1919ರದು. ‘ಜರ್ಮನಿಯ ಕಟ್ಟಕಡೆಯ ವೈಮಾರ್ ಬಿಯರ್‌ಹೊಟ್ಟೆ ಸಂಸ್ಕೃತಿಯ ಯುಗವನ್ನು ದಾದಾ ಎಂಬ ಅಡುಗೆ ಚಾಕುವಿನಿಂದ ಸೀಳಿದ್ದು’ ಎಂದು ಅದರ ಉದ್ದನೆಯ ಹೆಸರನ್ನು ಹೆಚ್ಚುಕಡಿಮೆ ಹೇಳಬಹುದು. ನಮ್ಮವಳಾಗಿದ್ದರೆ ಈಳಿಗೆಮಣೆ ಎನ್ನುತ್ತಿದ್ದಳೋ ಏನೋ. 114 ಸೆಂಟಿಮೀಟರ್ ಎತ್ತರ, 90 ಅಗಲ. ಬಲಗಡೆ ಮೇಲೆ, ಆಗಷ್ಟೇ ಪಟ್ಟ ಬಿಟ್ಟು ಓಡಿದ್ದ ಚಕ್ರವರ್ತಿ ಎರಡನೇ ವಿಲ್‌ಹೆಲ್ಮ್. ಅವನ ಹುರಿಮೀಸೆ ಇರಬೇಕಾದಲ್ಲಿ ತಲೆಕೆಳಗಾದ ಇಬ್ಬರು ಕುಸ್ತಿಪಟುಗಳು. ಮಹಾಯುದ್ಧದ ಸೇನಾಪತಿ ಹಿಂಡೆನ್‌ಬರ್ಗನ ತಲೆ ಒಬ್ಬ ನರ್ತಕಿಯ ಮೈ ಮೇಲೆ ಕೂತಿದೆ. ಎಡಕ್ಕೆ ಐನ್‌ಸ್ಟೈನ್. ಕೆಳಗೆ ಮಾರ್ಕ್ಸ್, ಲೆನಿನ್. ಎಲ್ಲೆಲ್ಲೂ ಚಕ್ರ, ಬೇರಿಂಗು, ಮೋಟಾರು ಕಾರು, ಒಂದು ಆನೆ. ನಟ್ಟನಡುವೆ ತಲೆಯಿಲ್ಲದ ನರ್ತಕಿಯೊಬ್ಬಳು ಕಾಲೆತ್ತಿ ಕುಣಿಯುತ್ತಿದ್ದಾಳೆ. ಅವಳ ಮೇಲೆ ತೇಲುತ್ತಿರುವ ತಲೆ ಕೇಟ್ ಕೋಲ್‌ವಿಟ್ಸಳದು, ಅದೇ ವರ್ಷ ಪ್ರಷ್ಯನ್ ಕಲಾ ಅಕಾಡೆಮಿಗೆ ಆಯ್ಕೆಯಾಗಿದ್ದ ಚಿತ್ರಕಾರ್ತಿ. ಕೆಳಗಿನ ಬಲಮೂಲೆಯಲ್ಲಿ ಯುರೋಪಿನ ಒಂದು ಪುಟ್ಟ ನಕಾಶೆ, ಹೆಂಗಸರಿಗೆ ಮತ ಹಾಕುವ ಹಕ್ಕು ಬಂದ ದೇಶಗಳನ್ನು ತೋರಿಸುವಂಥದ್ದು. ಜರ್ಮನಿಯ ಹೆಂಗಸರು ದೇಶದ ಚುನಾವಣೆಯಲ್ಲಿ ಮೊದಲ ಸಲ ಮತ ಹಾಕಿದ್ದು ಆ ವರ್ಷದ ಜನವರಿಯಲ್ಲಿ. ನಕಾಶೆಯ ಪಕ್ಕದಲ್ಲಿ ಬೆರಳುಗುರಿನಷ್ಟು ಒಂದು ಮುಖ. ಅದು ಹೋಖ್‌ಳದೇ. ಬೇರೆ ಚಿತ್ರಕಾರರು ಸಹಿ ಹಾಕುವ ಜಾಗದಲ್ಲಿ ಆಕೆ ತನ್ನನ್ನೂ ಮತಹಕ್ಕಿನ ನಕಾಶೆಯನ್ನೂ ಒಟ್ಟಿಗೆ ಅಂಟಿಸಿದ್ದಾಳೆ.

ಇದನ್ನು 1920ರಲ್ಲಿ ಬರ್ಲಿನ್ನಿನ ಮೊದಲ ಅಂತರರಾಷ್ಟ್ರೀಯ ದಾದಾ ಮೇಳದಲ್ಲಿ ಇಡಲು ಹೊರಟಾಗ ಗೆಳೆಯರೇ ಅಡ್ಡ ಬಂದರು. ಜಾರ್ಜ್ ಗ್ರೋಸ್, ಜಾನ್ ಹಾರ್ಟ್‌ಫೀಲ್ಡ್ ಇಬ್ಬರೂ ಬೇಡವೆಂದರು. ಅವಳನ್ನು ಸೇರಿಸದಿದ್ದರೆ ತನ್ನ ಚಿತ್ರಗಳನ್ನೂ ವಾಪಸು ಪಡೆಯುತ್ತೇನೆಂದು ಹೌಸ್‌ಮನ್ ಬೆದರಿಸಿದ ಮೇಲೆ ದಾರಿಯಾಯಿತು. ಲೋಕದ ಎಲ್ಲ ಅಧಿಕಾರವನ್ನೂ ಲೇವಡಿ ಮಾಡಿದ ಕ್ರಾಂತಿಕಾರಿಗಳು! ಬಹಳ ವರ್ಷಗಳ ಮೇಲೆ ಅವರಲ್ಲೊಬ್ಬನಾದ ಹಾನ್ಸ್ ರಿಕ್ಟರ್ ದಾದಾ ಕಾಲದ ನೆನಪು ಬರೆದಾಗ, ಹೋಖ್ ಎಲ್ಲರಿಗೂ ಬ್ರೆಡ್ಡು, ಬಿಯರು, ಕಾಫಿ ಹೊಂದಿಸಿಕೊಡುತ್ತಿದ್ದದ್ದನ್ನು ನೆನೆದ. ಅಡುಗೆ ಚಾಕು ಎಂಬ ಹೆಸರಿನ ಅರ್ಥ ಅವನಿಗೆ ಆಗಲೂ ಆಗಿರಲಿಲ್ಲ.

ಆ ಕಾಲದ ಅವಳ ಇನ್ನೊಂದು ಚಿತ್ರ ‘ರಾಷ್ಟ್ರನಾಯಕರು’. ಹೊಸ ಗಣರಾಜ್ಯದ ಅಧ್ಯಕ್ಷ ಎಬರ್ಟ್ ಮತ್ತು ರಕ್ಷಣಾ ಮಂತ್ರಿ ನೋಸ್ಕೆ ಈಜುಚಡ್ಡಿಯಲ್ಲಿ ನಿಂತ ಫೋಟೊ 1919ರ ಆಗಸ್ಟಿನಲ್ಲಿ ಉಲ್‌ಸ್ಟೈನ್ ಸಂಸ್ಥೆಯ ಆ ಸಚಿತ್ರ ವಾರಪತ್ರಿಕೆಯ ಮುಖಪುಟದಲ್ಲೇ ಬಂದು ದೇಶವೆಲ್ಲ ನಕ್ಕಿತ್ತು. ಹೋಖ್ ಇಬ್ಬರನ್ನೂ ಕತ್ತರಿಸಿ, ಹೂವು, ಚಿಟ್ಟೆ, ಕೊಡೆ ಹಿಡಿದ ಹೆಣ್ಣು ಇರುವ ಕಸೂತಿ ನಮೂನೆಯ ಹಾಳೆಯ ಮೇಲೆ ನಿಲ್ಲಿಸಿದಳು. ಬಟ್ಟೆಯ ಮೇಲಿಟ್ಟು ಇಸ್ತ್ರಿ ಹಾಕಿದರೆ ಗೆರೆ ಮೂಡುವ ಹಾಳೆ ಅದು, ಅವಳ ಕಚೇರಿಯ ದಿನಗೆಲಸದ ಸಾಮಾನು. ತವರು ಮರೆಯದ ಚೂರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಬಡಪಾಯಿ ನಾಯಕರು ಟವೆಲ್ಲಿನ ಮೂಲೆಯ ಕಸೂತಿಯಾಗಲು ಕಾದು ನಿಂತಂತಿದ್ದಾರೆ.

ದಾದಾ ಗುಂಪಿನವರು ತಮ್ಮನ್ನು ಕಲಾವಿದ ಎಂದು ಕರೆದುಕೊಳ್ಳಲೊಲ್ಲದೆ ‘ಮೊಂಟಿಯರ್’ ಎನ್ನುತ್ತಿದ್ದರು. ಅಂದರೆ ನಮ್ಮ ಕಾರ್ಖಾನೆಗಳ ಫಿಟ್ಟರ್. ಹಾರ್ಟ್‌ಫೀಲ್ಡನಿಗೆ ಆ ಹೆಸರು ಚೆನ್ನಾಗಿ ಒಪ್ಪುತ್ತಿತ್ತು. 1932ರಲ್ಲಿ ಭಾಷಣ ಬಿಗಿಯುತ್ತಿರುವ ಹಿಟ್ಲರನ ಎದೆಗೆ ಎಕ್ಸ್-ರೇ ಫೋಟೊ ಜೋಡಿಸಿ, ಬೆನ್ನೆಲುಬಿನ ಜಾಗದಲ್ಲಿ ನಾಣ್ಯಗಳ ಸಾಲು ಇಟ್ಟವನು ಅವನು. ಇದರ ತೀರ ಎದುರು ದಡದಲ್ಲಿ ಮ್ಯಾಕ್ಸ್ ಅರ್ನ್ಸ್ಟ್. ಹತ್ತೊಂಬತ್ತನೇ ಶತಮಾನದ ಹಳೆಯ ಪುಸ್ತಕಗಳ ಕೆತ್ತನೆ ಚಿತ್ರಗಳನ್ನು ಕತ್ತರಿಸಿ, ಹೊಲಿಗೆ ಎಲ್ಲೂ ಕಾಣದಂತೆ ಜೋಡಿಸಿ, ಹಕ್ಕಿತಲೆಯ ಗಂಡಸರ ಕನಸುಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ. ಜಾಣ, ಆದರೆ ನನಗೆ ಸ್ವಲ್ಪ ದೂರ.

ಹಾನೋವರ್ ಊರಿನ ಕುರ್ಟ್ ಶ್ವಿಟರ್ಸ್ ಬೇರೆಯೇ ಜೀವ. ಬೀದಿಯಲ್ಲಿ ನಡೆಯುವಾಗ ಕಣ್ಣು ನೆಲದ ಮೇಲೆ. ಟ್ರಾಮ್ ಟಿಕೆಟು, ಚಾಕೊಲೇಟ್ ಕಾಗದ, ಅಂಚೆಚೀಟಿ, ತಂತಿಚೂರು, ಗುಂಡಿ ಎಲ್ಲವೂ ಜೇಬಿಗೆ. ಒಂದು ಬ್ಯಾಂಕಿನ ಜಾಹೀರಾತನ್ನು ಕತ್ತರಿಸುವಾಗ ‘ಕೊಮೆರ್ತ್ಸ್’ ಎಂಬ ಪದದಲ್ಲಿ ‘ಮೆರ್ತ್ಸ್’ ಎಂಬಷ್ಟೇ ಉಳಿಯಿತು. ಅರ್ಥವಿಲ್ಲದ ಆ ಅರ್ಧ ಪದವನ್ನೇ ತನ್ನ ಕಲೆಗೆಲ್ಲ ಹೆಸರಾಗಿ ಇಟ್ಟುಕೊಂಡ. ಮನೆಯ ಕೋಣೆಗಳನ್ನೇ ಕೊಲಾಜ್ ಮಾಡುತ್ತ ವರ್ಷಗಟ್ಟಲೆ ಕಟ್ಟಿದ. ನಾತ್ಸಿಗಳಿಗೆ ಹೆದರಿ 1937ರಲ್ಲಿ ನಾರ್ವೆಗೆ ಓಡಿಹೋದ, ಅಲ್ಲಿಂದ ಬ್ರಿಟನ್ನಿಗೆ. ಬ್ರಿಟಿಷರು ಜರ್ಮನ್ ಪ್ರಜೆ ಎಂದು ಐಲ್ ಆಫ್ ಮ್ಯಾನ್ ದ್ವೀಪದ ಬಂಧನ ಶಿಬಿರಕ್ಕೆ ಹಾಕಿದರೆ, ಅಲ್ಲಿ ಸಾಮಾನು ಸಿಗದೆ ಉಳಿದ ಓಟ್ಸ್ ಗಂಜಿಯಲ್ಲೇ ಶಿಲ್ಪ ಮಾಡಿದ. ಅದು ಬೂಸ್ಟು ಹಿಡಿದು ನಾರುತ್ತಿತ್ತಂತೆ. 1943ರ ಬಾಂಬ್ ದಾಳಿಯಲ್ಲಿ ಹಾನೋವರಿನ ಮನೆ ನೆಲಸಮವಾಯಿತು. ಅದು ಮತ್ತೆ ಅವನ ಕಣ್ಣಿಗೆ ಬೀಳಲಿಲ್ಲ, 1948ರಲ್ಲಿ ಇಂಗ್ಲೆಂಡಿನಲ್ಲೇ ತೀರಿಕೊಂಡ.

ಕತ್ತರಿಗೆ ಬಂದು ಸೇರುವ ದಾರಿಗಳು ಬೇರೆ ಬೇರೆ. ಆಂರಿ ಮಾತೀಸ್ ಬಂದದ್ದು ಕಾಯಿಲೆಯಿಂದ. 1941ರಲ್ಲಿ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಈಸಲ್ ಮುಂದೆ ಹೊತ್ತುಗಟ್ಟಲೆ ನಿಲ್ಲುವ ತ್ರಾಣ ಹೋಯಿತು. ಸಹಾಯಕಿಯರು ಹಾಳೆಗಳಿಗೆ ಬಣ್ಣ ಬಳಿದು ಒಣಗಿಸಿ ಕೊಟ್ಟರೆ, ಗಾಲಿಕುರ್ಚಿಯಲ್ಲೋ ಹಾಸಿಗೆಯಲ್ಲೋ ಕೂತು ದೊಡ್ಡ ಕತ್ತರಿಯಿಂದ ನೇರ ಕತ್ತರಿಸುತ್ತಿದ್ದ, ಗೆರೆ ಹಾಕಿಕೊಳ್ಳದೆ. 1953ರ ‘ಬಸವನಹುಳು’ ಹೆಚ್ಚುಕಡಿಮೆ ಮೂರು ಮೀಟರ್ ಚೌಕ, ಆಗ ಅವನಿಗೆ 83. ಕಣ್ಣು ತುಂಬುವ ಚಿತ್ರ. ಆದರೆ ಅವನ ಕಾಗದಗಳಿಗೆ ತವರಿಲ್ಲ, ಅವು ಅವನ ಮನೆಯಲ್ಲೇ ಹುಟ್ಟಿದವು. ಅದಕ್ಕೇ ನಾನು ಮಾತೀಸನನ್ನು ಕೊಲಾಜಿನವರ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಅವನು ಕತ್ತರಿಯಲ್ಲಿ ಬಣ್ಣ ಬರೆದವನು.

ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿ ಅವರಿಗೆ ಹುಟ್ಟಿನಿಂದಲೇ ದೃಷ್ಟಿ ತೀರ ಕಡಿಮೆ. ಅಷ್ಟರಲ್ಲೇ ಹಿಂದಿ ಭವನದ ಗೋಡೆಗಳಿಗೆ ಮಧ್ಯಯುಗದ ಸಂತರ ಮಹಾಚಿತ್ರ ಬರೆದಿದ್ದರು. ಪೊರೆಯ ಶಸ್ತ್ರಚಿಕಿತ್ಸೆ ಕೆಟ್ಟು 1957ರ ಹೊತ್ತಿಗೆ ಇದ್ದ ನೋಟವೂ ಪೂರ್ತಿ ಹೋಯಿತು. ಆಮೇಲೆ ಅವರು ಬಣ್ಣದ ಕಾಗದ ಕತ್ತರಿಸಿ ಅಂಟಿಸತೊಡಗಿದರು. ಕುಂಚ ಎಳೆದ ಗೆರೆ ಕುರುಡನಿಗೆ ಎಳೆದ ಕ್ಷಣವೇ ಕಳೆದುಹೋಗುತ್ತದೆ. ಕತ್ತರಿಸಿದ ಅಂಚು ಹಾಗಲ್ಲ, ಬೆರಳು ಆಡಿಸಿದರೆ ಎಲ್ಲಿದೆಯೋ ಅಲ್ಲೇ ಸಿಗುತ್ತದೆ. 1972ರಲ್ಲಿ ಕಲಾಭವನದ ಗೋಡೆಗೆ ಹೆಂಚಿನ ಬಿಲ್ಲೆಗಳಲ್ಲಿ ದೊಡ್ಡ ಚಿತ್ರ ಮಾಡಿಸಿದ್ದೂ ಇದೇ ಬೆರಳಿನ ಬಲದಿಂದ. ಅವರ ಶಿಷ್ಯ ಸತ್ಯಜಿತ್ ರಾಯ್ ಅದೇ ವರ್ಷ ತೆಗೆದ ‘ದಿ ಇನ್ನರ್ ಐ’ ಎಂಬ ಇಪ್ಪತ್ತು ನಿಮಿಷದ ಸಾಕ್ಷ್ಯಚಿತ್ರ ಸಿಕ್ಕರೆ ಬಿಡಬೇಡಿ. ಕೈಗಳನ್ನು ನೋಡಿ.

ನಮ್ಮಲ್ಲಿ ತವರಿನ ಚೂರನ್ನು ಮೊದಲು ಗಟ್ಟಿಯಾಗಿ ಹಿಡಿದವರು ಭೂಪೇನ್ ಖಖ್ಖರ್. ಬರೋಡಾದಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಕೆಲಸ ಮಾಡಿಕೊಂಡಿದ್ದ ಇವರು 1965ರಲ್ಲಿ ಮುಂಬಯಿಯ ಜಹಾಂಗೀರ್ ಗ್ಯಾಲರಿಯಲ್ಲಿ ತೋರಿಸಿದ ಚಿತ್ರಗಳಲ್ಲಿ ರಸ್ತೆಬದಿಯಲ್ಲಿ ಮಾರುವ ದೇವರ ಪಟಗಳನ್ನು ಕತ್ತರಿಸಿ ಅಂಟಿಸಿದ್ದರು. ಸಭ್ಯರಿಗೆ ಅದು ಕೀಳು ಅಭಿರುಚಿ ಅನ್ನಿಸಿತು. ನಮ್ಮ ಹಳೆಯ ಮನೆಗಳ ದೇವರಕೋಣೆಯಲ್ಲಿ ರವಿವರ್ಮ ಪ್ರೆಸ್ಸಿನ ಲಕ್ಷ್ಮಿಗೆ ಹೆಂಗಸರು ನಿಜವಾದ ಜರಿಯ ಸೀರೆ, ಚಮಕಿ ಹೊಲಿದು ಚೌಕಟ್ಟು ಹಾಕಿಸಿದ್ದು ಮಾತ್ರ ಯಾರಿಗೂ ಕೀಳೆನ್ನಿಸಿರಲಿಲ್ಲ! ಆಮೇಲೆ ಕೇರಳ ಮೂಲದ ಸಿ.ಕೆ. ರಾಜನ್ 1992ರಿಂದ 1996ರವರೆಗೆ ಪತ್ರಿಕೆಗಳ ಚಿತ್ರಗಳನ್ನು ಕತ್ತರಿಸಿ ಸಣ್ಣ ಹಾಳೆಗಳ ಮೇಲೆ ‘ಮೈಲ್ಡ್ ಟೆರರ್ಸ್’ ಎಂಬ ಸರಣಿ ಮಾಡಿದರು. ಮಾರುಕಟ್ಟೆ ಬಾಗಿಲು ತೆರೆದ ವರ್ಷಗಳವು. ಕಟ್ಟಡಕ್ಕಿಂತ ದೊಡ್ಡ ಕಾಲು, ಬಯಲಿನಲ್ಲಿ ಒಂಟಿಯಾಗಿ ಬಿದ್ದ ಹೊಳಪಿನ ವಸ್ತು, ಅಷ್ಟೇ. 2007ರಲ್ಲಿ ಜರ್ಮನಿಯ ಕಾಸೆಲ್ ಊರಿನ ಡಾಕ್ಯುಮೆಂಟಾ ಪ್ರದರ್ಶನಕ್ಕೆ ಹೋದ ಆ ಹಾಳೆಗಳು ಜಾಹೀರಾತಿನ ಹೊಟ್ಟೆ ಬಗೆಯುವುದರಲ್ಲಿ ಹೋಖ್‌ಳ ತಮ್ಮಂದಿರು.

ಅಮೆರಿಕದ ರೊಮೇರ್ ಬಿಯರ್ಡನ್‌ನನ್ನು ಬಿಟ್ಟು ಈ ಮಾತು ಮುಗಿಸಲಾಗದು. ಉತ್ತರ ಕ್ಯಾರೊಲೈನಾದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಮನೆಯವರೊಡನೆ ನ್ಯೂಯಾರ್ಕಿನ ಹಾರ್ಲೆಮ್ ಸೇರಿದ ಕಪ್ಪು ಚಿತ್ರಕಾರ. ಹಗಲು ನಗರದ ಸಮಾಜಸೇವಾ ಇಲಾಖೆಯಲ್ಲಿ ನೌಕರಿ. ನಾಗರಿಕ ಹಕ್ಕಿನ ಹೋರಾಟ ಕಾವೇರಿದ್ದ 1963ರಲ್ಲಿ ಕಪ್ಪು ಕಲಾವಿದರ ‘ಸ್ಪೈರಲ್’ ಗುಂಪು ಸೇರಿದಾಗ, ಎಲ್ಲರೂ ಒಟ್ಟಾಗಿ ಒಂದು ಕೊಲಾಜ್ ಮಾಡೋಣ ಎಂದ. ಉಳಿದವರಿಗೆ ರುಚಿಸಲಿಲ್ಲ. ಒಬ್ಬನೇ ಮಾಡಿದ. ವಾರಪತ್ರಿಕೆಗಳಿಂದ ಕತ್ತರಿಸಿದ ಕಣ್ಣು, ಆಫ್ರಿಕದ ಮುಖವಾಡದ ಮೂಗು, ದುಡಿದು ಗಂಟುಕಟ್ಟಿದ ಕೈ ಸೇರಿ ಒಂದು ಮುಖವಾಗುತ್ತದೆ. ಕಣ್ಣಿನ ಅಳತೆ ಒಂದು, ಬಾಯಿಯ ಅಳತೆ ಇನ್ನೊಂದು. ಆ ಸಣ್ಣ ಹಾಳೆಗಳನ್ನು ಫೋಟೊಸ್ಟಾಟ್‌ನಲ್ಲಿ ಕಪ್ಪು ಬಿಳುಪಾಗಿ ಹಿಗ್ಗಿಸಿ 1964ರಲ್ಲಿ ಪ್ರದರ್ಶಿಸಿದ. ಒಡೆದು, ಸಾಗಿಸಿ, ಮತ್ತೆಲ್ಲೋ ಜೋಡಿಸಲ್ಪಟ್ಟ ಜನರ ಮುಖವನ್ನು ಒಂದೇ ಕುಂಚದಲ್ಲಿ ನುಣ್ಣಗೆ ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು.

ಚೂರು ಅಂಟಿಸದೆಯೂ ಕೊಲಾಜ್ ಆಗುತ್ತದೆ, ಕೀಳುವುದರಿಂದ. ಚಿಕ್ಕ ಊರುಗಳಲ್ಲಿ ಸಿನಿಮಾ ಪೋಸ್ಟರ್ ಅಂಟಿಸುವವನು ಬಕೆಟ್ಟಿನಲ್ಲಿ ಮೈದಾ ಅಂಟು ಹಿಡಿದು ಬರುತ್ತಿದ್ದದ್ದು ನಿಮಗೂ ನೆನಪಿರಬಹುದು. ಬೈಂಡಿಂಗ್ ಅಂಗಡಿಯವರು ಹುಳ ಹಿಡಿಯದಿರಲೆಂದು ಅದೇ ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ. ಪೋಸ್ಟರಿನವನಿಗೆ ಅಷ್ಟು ತಾಳ್ಮೆ ಎಲ್ಲಿ? ಅವನು ಅತ್ತ ಹೋಗುವಷ್ಟರಲ್ಲಿ ದನ ಬಂದು ಮೈದಾ ರುಚಿಗೆ ಪೋಸ್ಟರ್ ಎಳೆಯುತ್ತಿತ್ತು. ಈ ಶುಕ್ರವಾರದ ನಾಯಕನ ಅರ್ಧ ಮುಖ ಹರಿದು, ಅದರಡಿಯಿಂದ ಕಳೆದ ತಿಂಗಳ ಖಳನಾಯಕನ ಕಣ್ಣು, ಅದರ ಕೆಳಗೆ ಸರ್ಕಸ್ಸಿನ ಹುಲಿ. ಪ್ಯಾರಿಸ್‌ನಲ್ಲಿ ರೇಮಂಡ್ ಹೇನ್ಸ್ ಮತ್ತು ಜಾಕ್ ವಿಲೆಗ್ಲೇ 1949ರಿಂದ ಇಂಥ ಹರಿದ ಪೋಸ್ಟರ್ ಪದರಗಳನ್ನೇ ಗೋಡೆಯಿಂದ ಕಿತ್ತು ತಂದು ಕ್ಯಾನ್ವಾಸಿಗೆ ಹಾಕಿ ಗ್ಯಾಲರಿಯಲ್ಲಿಟ್ಟರು. ಹರಿದವನು ಯಾರೋ ಅನಾಮಿಕ, ಕಲಾವಿದ ಅವನೇ ಎಂದು ವಿಲೆಗ್ಲೇ ವಾದಿಸುತ್ತಿದ್ದ. ನಮ್ಮ ದನಕ್ಕೆ ಆ ಗೌರವ ಯಾರೂ ಕೊಡಲಿಲ್ಲ.

ಈಗ ಫೋನಿನಲ್ಲಿ ಯಾರ ತಲೆಯನ್ನು ಯಾರ ಮೈಗಾದರೂ ಅಂಚು ಕಾಣದಂತೆ ಕೂರಿಸಬಹುದು. ಅಲ್ಲಿ ಚೂರಿಗೆ ತವರು ಇದ್ದದ್ದೇ ತಿಳಿಯುವುದಿಲ್ಲ. ತಿಳಿಯದಿರುವುದೇ ಅದರ ಉದ್ದೇಶ. ಹೋಖ್ ಬೇಕೆಂದೇ ಅಂಚನ್ನು ತೋರಿಸುತ್ತಿದ್ದಳು. ನಾನು ಇದನ್ನು ಕತ್ತರಿಸಿದ್ದೇನೆ, ನೋಡಿಕೊಳ್ಳಿ ಎಂದು.

ಅಗ್ಗದ ಪತ್ರಿಕಾ ಕಾಗದಕ್ಕೆ ಆಯುಸ್ಸು ಕಡಿಮೆ. ಮರದ ತಿರುಳಿನಲ್ಲಿ ಉಳಿದ ಲಿಗ್ನಿನ್ ಎಂಬ ಅಂಶ ಬೆಳಕು ಗಾಳಿಗೆ ಕಂದಾಗುತ್ತದೆ. ಅಜ್ಜಿಯ ಟ್ರಂಕಿನ ತಳಕ್ಕೆ ಹಾಸಿದ ಪೇಪರು ಹಿಡಿದರೆ ಹಪ್ಪಳದಂತೆ ಮುರಿಯುವುದು ಕಾಗದದೊಳಗಿನ ಆಮ್ಲದಿಂದ. ಪಿಕಾಸೊನ ಗಿಟಾರಿನ ಪಕ್ಕದ ‘ಲ ಜೂರ್ನಾಲ್’ ಅಂಟಿಸಿದ ದಿನ ತಿಳಿ ಬಣ್ಣದ್ದಾಗಿತ್ತು, ಇಂದು ಚಹಾದ ಕಲೆಯ ಬಣ್ಣ. ನಾವು ಪುಸ್ತಕಗಳಲ್ಲಿ ಮೆಚ್ಚಿಕೊಳ್ಳುವ ಆ ಹದವಾದ ಕಂದು ಅವನು ಹಾಕಿದ್ದಲ್ಲ, ನೂರು ವರ್ಷ ಹಾಕಿದ್ದು. ಕಾಗದದ ಇಂಥ ಚಿತ್ರಗಳನ್ನು ಮ್ಯೂಸಿಯಂಗಳು 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ ಕೆಲವು ತಿಂಗಳು ತೋರಿಸಿ, ಮತ್ತೆ ಕತ್ತಲ ಡ್ರಾಯರಿಗೆ ಸೇರಿಸಿಬಿಡುತ್ತವೆ. ಆದ್ದರಿಂದ ಬರ್ಲಿನ್ನಿಗೆ ಮಗನ ಮನೆಗೋ ಮಗಳ ಮನೆಗೋ ಹೊರಟವರಿಗೆ ಒಂದು ಮಾತು. ಹೋಖ್‌ಳ ಚಿತ್ರ ಅಲ್ಲಿನ ರಾಷ್ಟ್ರೀಯ ಗ್ಯಾಲರಿಯ ಸಂಗ್ರಹದಲ್ಲಿದೆ, ಆದರೆ ಗೋಡೆಯ ಮೇಲಿದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಇದ್ದರೆ, ಓದುವ ಕನ್ನಡಕ ಮರೆಯದೆ ಒಯ್ಯಿರಿ. ನೋಡುವುದನ್ನು ಕೆಳಗಿನ ಬಲಮೂಲೆಯಿಂದ ಶುರುಮಾಡಿ.